ಬಾಗಿಲು ಹಾಕ್ಕೋ

ಹೋದ ವರ್ಷ ಸ್ಟಾಕ್‌ಹೋಮ್‌ನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಅಲ್ಲಿನ ಮೆಟ್ರೋದಲ್ಲಿ ರೈಲು ಹೊರಡುವ ಮುಂಚೆ ಒಂದು ದನಿ ಕೇಳುತ್ತೆ: "ಡೊರ್ರಾರ್ನಾ ಸ್ಟೆಂಗ್ಸ್." ಅಕ್ಕನ ಮಗನಿಗೆ ಐದು ವರ್ಷ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಸ್ವೀಡಿಷ್. "ಏನಂತೋ ಅದು?" ಅಂತ ಕೇಳಿದೆ. ಕಿಟಕಿಯಿಂದ ಕಣ್ಣು ಕೀಳದೆ, "ಬಾಗಿಲು ಹಾಕ್ಕೊಳ್ತಾವೆ ಅಂತ, ಚಿಕ್ಕಮ್ಮ" ಅಂದ.

ನಾನು ಹದಿನೆಂಟು ವರ್ಷದಿಂದ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿಕೊಂಡು ಬದುಕುತ್ತಿದ್ದೇನೆ. ಆ ಮಗು ಅರೆಗಳಿಗೆಯಲ್ಲಿ ಹೇಳಿದ ಮಾತನ್ನೇ ಯೋಚಿಸುತ್ತಾ ಮುಂದಿನ ಮೂರು ನಿಲ್ದಾಣ ಕಳೆದೆ. ಯಾಕೆಂದರೆ ಹೆಚ್ಚುಕಡಿಮೆ ಇದೇ ವಾಕ್ಯವನ್ನು ನಾನೂ ಒಮ್ಮೆ ಕನ್ನಡಕ್ಕೆ ತಂದಿದ್ದೆ. ಲಿಫ್ಟ್ ಮಾಡುವ ಒಂದು ಕಂಪನಿಗೆ ಹತ್ತಿಪ್ಪತ್ತು ಸಾಲು ಬರೆದುಕೊಡಬೇಕಿತ್ತು. ನಾನು ಬರೆದದ್ದು: "ಬಾಗಿಲುಗಳು ಮುಚ್ಚಲ್ಪಡುತ್ತಿವೆ." ಯಾರೂ ತಪ್ಪು ಅನ್ನಲಿಲ್ಲ. ವ್ಯಾಕರಣದ ಪ್ರಕಾರ ತಪ್ಪೂ ಇಲ್ಲ. ಆದರೆ ನಾನು ಹುಟ್ಟಿ ಬೆಳೆದ ಮನೆಯಲ್ಲಿ ಬಾಗಿಲಿನ ಬಗ್ಗೆ ಯಾರೂ ಹಾಗೆ ಮಾತಾಡಿದ್ದನ್ನು ಕೇಳಿಲ್ಲ. ಗಾಳಿ ಬೀಸಿದರೆ "ಅಯ್ಯೋ, ಬಾಗಿಲು ಹಾಕ್ಕೊಂಡುಬಿಡ್ತು" ಅಂತಿದ್ದರು. ಮಳೆಗಾಲದಲ್ಲಿ ಮರ ಉಬ್ಬಿದರೆ "ಬಾಗಿಲು ಹಿಡ್ಕೊಂಡಿದೆ, ಸ್ವಲ್ಪ ಎತ್ತಿ ತಳ್ಳು" ಅಂತಿದ್ದರು. ನಮ್ಮದು ಮಲೆನಾಡಿನ ಸಾಗರದ ಕಡೆ. ಜೂನ್ ಬಂತೆಂದರೆ ಮನೆಯ ಎಲ್ಲ ಬಾಗಿಲುಗಳೂ ಹಿಡಿದುಕೊಳ್ಳುತ್ತವೆ.

ಸ್ವೀಡಿಷ್‌ನಲ್ಲಿ ಮುಚ್ಚು ಅನ್ನುವುದಕ್ಕೆ "ಸ್ಟೆಂಗ". ಅದಕ್ಕೆ ಕೊನೆಯಲ್ಲಿ ಒಂದು "ಸ್" ಸೇರಿದರೆ "ಸ್ಟೆಂಗ್ಸ್". ಆ ಸಣ್ಣ ಬಾಲ ಎಲ್ಲಿಂದ ಬಂತು ಅಂತ ಹುಡುಕಿದರೆ, ಸ್ವೀಡಿಷ್‌ನ ಪೂರ್ವಜ ಹಳೆಯ ನಾರ್ಸ್ ಭಾಷೆಯ "ಸಿಕ್" ಸಿಗುತ್ತೆ. "ತನ್ನನ್ನು" ಅಂತ ಅದರ ಅರ್ಥ. ಕಾಲಕಾಲಕ್ಕೆ ಸವೆದು ಸವೆದು ಕ್ರಿಯಾಪದಕ್ಕೆ ಅಂಟಿಕೊಂಡಿದೆ. ಈಗ ಆ ರೂಪಕ್ಕೆ ಎರಡೂ ಅರ್ಥ: ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತೆ ಅಂತಲೂ ಆಗಬಹುದು, ಯಾರೋ ಮುಚ್ಚುತ್ತಾರೆ ಅಂತಲೂ ಆಗಬಹುದು. ಕರ್ತರಿಗೂ ಕರ್ಮಣಿಗೂ ನಡುವೆ ನಿಲ್ಲುವ ಇಂಥ ರೂಪಗಳಿಗೆ ಭಾಷೆಯನ್ನು ಓದುವವರು ಮೀಡಿಯೋಪ್ಯಾಸಿವ್ ಅನ್ನುತ್ತಾರೆ. ಕನ್ನಡದಲ್ಲಿ ಮಧ್ಯಮ ಪ್ರಯೋಗ ಅಂತ ಕರೆಯೋಣ.

ಶಾಲೆಯಲ್ಲಿ ನಮಗೆ ಈ ಮಧ್ಯದ್ದನ್ನು ಯಾರೂ ಹೇಳಿಕೊಡಲಿಲ್ಲ. ಕರ್ತರಿ ಒಂದು, ಕರ್ಮಣಿ ಒಂದು, ಅಷ್ಟೇ. "ರಾಮನು ರಾವಣನನ್ನು ಕೊಂದನು", "ರಾಮನಿಂದ ರಾವಣನು ಕೊಲ್ಲಲ್ಪಟ್ಟನು." ಪರೀಕ್ಷೆಗೆ ಎರಡು ಅಂಕ. ಕನ್ನಡದ ವ್ಯಾಕರಣವನ್ನು ಸಂಸ್ಕೃತದ ಅಚ್ಚಿನಲ್ಲಿ ಎರಕ ಹೊಯ್ಯಬಾರದು ಅಂತ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಎಷ್ಟೋ ವರ್ಷ ಬರೆದರು. ಅವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಈ ಒಂದು ವಿಷಯದಲ್ಲಿ ನನಗೆ ಬೇಸರವಾಗುವುದೇ ಬೇರೆ ಕಾರಣಕ್ಕೆ. ಸಂಸ್ಕೃತದಲ್ಲೇ ಒಂದು ಸೊಗಸಾದ ಮಧ್ಯಮ ಪ್ರಯೋಗ ಇತ್ತು. ಕನ್ನಡದಲ್ಲಿ ಅದಕ್ಕೆ ಸರಿಜೋಡಿಯಾದದ್ದು ದಿನಾ ಅಡುಗೆಮನೆಯಲ್ಲಿ ಓಡಾಡುತ್ತಿತ್ತು. ಪಾಠ ಮಾತ್ರ ಎರಡನ್ನೂ ಬಿಟ್ಟುಬಿಟ್ಟಿತು.

ಆ ಜೋಡಿ ಯಾವುದು ಅಂದರೆ ಕೊಡು ಮತ್ತು ಕೊಳ್ಳು.

"ಕಾಫಿ ಮಾಡಿದೆ" ಅಂದರೆ ಮಾಡಿದೆ, ಅಷ್ಟೇ. "ಕಾಫಿ ಮಾಡಿಕೊಟ್ಟೆ" ಅಂದ ಕೂಡಲೇ ಎದುರಿಗೆ ಇನ್ನೊಬ್ಬರು ಬಂದು ಕೂತರು. "ಕಾಫಿ ಮಾಡಿಕೊಂಡೆ" ಅಂದರೆ ಲೋಟ ನನ್ನ ಕೈಗೇ ಬಂತು. ಒಲೆ ಅದೇ, ಹಾಲು ಅದೇ, ಪುಡಿ ಅದೇ. ಕೆಲಸದ ಫಲ ಯಾರಿಗೆ ಹೋಯಿತು ಅನ್ನುವುದನ್ನು ಕ್ರಿಯಾಪದವೇ ಹೇಳಿಬಿಟ್ಟಿತು. ಕೊಳ್ಳು ಅಂದರೆ ಮೂಲದಲ್ಲಿ ತೆಗೆದುಕೊಳ್ಳುವುದು. ನೋಡಿ, ಅದರ ಅರ್ಥ ಹೇಳಲು ಹೊರಟರೂ ಅದೇ ಪದ ಮತ್ತೆ ಬರುತ್ತೆ. ಅಂಗಡಿಯಲ್ಲಿ ಸಾಮಾನು "ಕೊಂಡುಕೊಳ್ಳುವಾಗ" ಎರಡೆರಡು ಸಲ ಬರುತ್ತೆ. ತೆಲುಗಿನಲ್ಲೂ ತಮಿಳಿನಲ್ಲೂ ಇದರ ಒಡಹುಟ್ಟಿದ ಪದ ಇಂಥದೇ ಕೆಲಸ ಮಾಡುತ್ತೆ.

ಈಗ ಪಾಣಿನಿಯ ಹತ್ತಿರ ಹೋಗೋಣ. ಸಂಸ್ಕೃತದ ಕ್ರಿಯಾಪದಗಳಿಗೆ ಎರಡು ಬಗೆಯ ಪ್ರತ್ಯಯ: ಪರಸ್ಮೈಪದ ಮತ್ತು ಆತ್ಮನೇಪದ. ಹೆಸರಿನಲ್ಲೇ ಅರ್ಥವಿದೆ: "ಬೇರೆಯವರಿಗಾಗಿ ಪದ", "ತನಗಾಗಿ ಪದ". ಕೆಲವು ಧಾತುಗಳಿಗೆ ಎರಡೂ ಹತ್ತುತ್ತವೆ. ಅಲ್ಲಿ ಯಾವಾಗ ಯಾವುದು ಅಂತ ಒಂದು ಸೂತ್ರ ಹೇಳುತ್ತೆ. ಕ್ರಿಯೆಯ ಫಲ ಮಾಡಿದವನಿಗೇ ಸೇರುವುದಾದರೆ ಆತ್ಮನೇಪದ. ಅಡುಗೆ ಮಾಡಿಕೊಳ್ಳುವವನು "ಪಚತೇ". ಬೇರೆಯವರಿಗೆ ಬೇಯಿಸುವವನು "ಪಚತಿ". ಈ ಸೂತ್ರಕ್ಕೆ ಕಾಶಿಕಾ ವೃತ್ತಿ ಎಂಬ ಹಳೆಯ ವ್ಯಾಖ್ಯಾನ ಕೊಡುವ ಉದಾಹರಣೆಗಳು ನನಗೆ ತುಂಬಾ ಇಷ್ಟ. ಯಾಗ ಮಾಡಿಸುವ ಪುರೋಹಿತರು, ಅಡುಗೆಯವರು, ಕೂಲಿ ಕೆಲಸದವರು, ಈ ಮೂವರಿಗೂ ಪರಸ್ಮೈಪದವೇ ಬರುತ್ತೆ. ಅಲ್ಲಿ ಒಂದು ಪ್ರಶ್ನೆ ಏಳಬಹುದು. ಅವರಿಗೆ ದಕ್ಷಿಣೆ, ಕೂಲಿ ಸಿಗುತ್ತಲ್ಲ, ಅದೂ ಫಲವೇ ಅಲ್ವಾ? ವೃತ್ತಿ ಅದಕ್ಕೂ ಉತ್ತರ ಕೊಡುತ್ತೆ: ಸಿಗುತ್ತೆ ನಿಜ, ಆದರೆ ಆ ಕ್ರಿಯೆ ಶುರುವಾದದ್ದು ಅದಕ್ಕಾಗಿ ಅಲ್ಲ. ಅನ್ನ ಬೇಯುವುದು ಉಣ್ಣುವುದಕ್ಕೆ. ಉಣ್ಣುವವರು ಬೇರೆ.

ಮದುವೆ ಮನೆಯಲ್ಲಿ "ಭಟ್ಟರು ಅಡುಗೆ ಮಾಡಿದರು" ಅನ್ನುತ್ತೇವೆ. "ಮಾಡಿಕೊಂಡರು" ಅಂದರೆ ಛತ್ರದಲ್ಲಿ ಇರುವವರೆಲ್ಲ ತಿರುಗಿ ನೋಡುತ್ತಾರೆ. ಕಾಶಿಕೆಯನ್ನು ಓದದ ಮಗುವಿಗೂ ಈ ವ್ಯತ್ಯಾಸ ಗೊತ್ತು.

ನಾವು ದಿನಾ ಬಳಸುವ "ಯಜಮಾನ" ಕೂಡ ಇಲ್ಲಿಂದಲೇ ಬಂದವನು. ಯಜ್ ಧಾತುವಿಗೆ ಆತ್ಮನೇಪದದ "ಮಾನ" ಸೇರಿದರೆ ಯಜಮಾನ: ತನಗಾಗಿ ಯಾಗ ಮಾಡುತ್ತಿರುವವನು. ಮಂತ್ರ ಹೇಳುವವರು, ತುಪ್ಪ ಹಾಕುವವರು ಬೇರೆ ಇರಬಹುದು. ಫಲ ಇವನದು. ಆಮೇಲೆ ಅವನು ಮನೆಯ ಯಜಮಾನನಾದ, ಊರ ಯಜಮಾನನಾದ, "ನಮ್ಮ ಯಜಮಾನ್ರು ಮನೇಲಿಲ್ಲ" ಅನ್ನುವ ಮಾತಿನಲ್ಲಿ ಗಂಡನೂ ಆದ. ವರ್ತಮಾನದ "ಮಾನ"ವೂ ವರ್ಧಮಾನದ "ಮಾನ"ವೂ ಇದೇ. ಆದರೆ ಅನುಮಾನ, ಉಪಮಾನಗಳಲ್ಲಿರುವುದು ಬೇರೆ, ಅದು ಅಳತೆಯ ಮಾನ. ಬೆರೆಸಿಕೊಳ್ಳಬೇಡಿ.

ಜೇಬಿನಲ್ಲಿರುವ ನಾಣ್ಯವನ್ನೂ ಒಮ್ಮೆ ತೆಗೆದು ನೋಡಿ. "ಸತ್ಯಮೇವ ಜಯತೇ." ಮುಂಡಕ ಉಪನಿಷತ್ತಿನ ಮಾತು. ಪಾಣಿನಿಯ ಪ್ರಕಾರ ಜಿ ಧಾತುವಿಗೆ ಸಾಮಾನ್ಯವಾಗಿ ಬರಬೇಕಾದದ್ದು "ಜಯತಿ". ಹಿಂದೆ ವಿ ಅಥವಾ ಪರಾ ಸೇರಿದಾಗ ಮಾತ್ರ "ವಿಜಯತೇ", "ಪರಾಜಯತೇ". ಉಪನಿಷತ್ತಿನಲ್ಲಿ ಯಾವ ಉಪಸರ್ಗವೂ ಇಲ್ಲದೆ "ಜಯತೇ" ಇದೆ. ಸತ್ಯ ಗೆಲ್ಲುತ್ತೆ, ಆ ಗೆಲುವು ಸತ್ಯದಲ್ಲೇ ಉಳಿಯುತ್ತೆ ಅಂತ ನಾನು ಅದನ್ನು ಓದಿಕೊಳ್ಳುತ್ತೇನೆ.

ಗ್ರೀಕರಿಗೂ ಇದು ಇತ್ತು. ಅವರ ಅತಿ ಹಳೆಯ ವ್ಯಾಕರಣವೊಂದು ಡಯೊನಿಸಿಯಸ್ ಥ್ರಾಕ್ಸ್ ಎಂಬಾತನ ಹೆಸರಿನಲ್ಲಿದೆ. ಅದು ಮೂರು ಬಗೆ ಹೇಳುತ್ತೆ: ಮಾಡುವುದು, ಆಗಿಸಿಕೊಳ್ಳುವುದು, ನಡುವಿನದು. ಮಧ್ಯಮ ಅನ್ನುವ ಹೆಸರು ಬಂದದ್ದೇ ಅಲ್ಲಿಂದ. "ಲೂಓ" ಅಂದರೆ ತೊಳೆಯುತ್ತೇನೆ. "ಲೂಓಮಾಯ್" ಅಂದರೆ ಮೈ ತೊಳೆದುಕೊಳ್ಳುತ್ತೇನೆ. "ದನೆಯ್‌ಜೋ" ಅಂದರೆ ಸಾಲ ಕೊಡುತ್ತೇನೆ, "ದನೆಯ್‌ಜೊಮಾಯ್" ಅಂದರೆ ಸಾಲ ತೆಗೆದುಕೊಳ್ಳುತ್ತೇನೆ. ನಮ್ಮ ಕೊಡು, ಕೊಳ್ಳು ಅಲ್ಲಿ ಒಂದೇ ಧಾತುವಿನ ಎರಡು ಬಾಲಗಳಾಗಿ ಕೂತಿವೆ.

ಇವೆಲ್ಲಕ್ಕಿಂತ ನನಗೆ ಹತ್ತಿರವಾದದ್ದು ಇನ್ನೊಂದು ಜೋಡಿ. "ಫ್ರಾಜೋ" ಅಂದರೆ ತೋರಿಸುತ್ತೇನೆ, ಹೇಳುತ್ತೇನೆ. "ಫ್ರಾಜೊಮಾಯ್" ಅಂದರೆ ಯೋಚಿಸುತ್ತೇನೆ. ಹೇಳುವುದನ್ನು ತನ್ನ ಕಡೆಗೇ ತಿರುಗಿಸಿದರೆ ಯೋಚನೆ! ಇದನ್ನು ಮೊದಲ ಸಲ ಓದಿದಾಗ ಎದ್ದು ನಿಂತುಬಿಟ್ಟಿದ್ದೆ. ನಾವು "ಅಂದುಕೊಂಡೆ" ಅನ್ನುತ್ತೇವಲ್ಲ? ಅಂದೆ ಅಂದರೆ ಹೇಳಿದೆ. ಅಂದುಕೊಂಡೆ ಅಂದರೆ ಮನಸ್ಸಿನಲ್ಲೇ ಯೋಚಿಸಿದೆ. ಹೋಮರನ ಕಾವ್ಯದಲ್ಲಿ ಯೋಚಿಸುವ ವೀರನೂ, "ನೀನು ಇವತ್ತು ಬರಲ್ಲ ಅಂದ್ಕೊಂಡಿದ್ದೆ" ಅನ್ನುವ ನಮ್ಮಮ್ಮನೂ ಒಂದೇ ದಾರಿ ಹಿಡಿದಿದ್ದಾರೆ. ಒಬ್ಬರಿಂದ ಒಬ್ಬರು ಕಲಿತದ್ದಂತೂ ಖಂಡಿತ ಅಲ್ಲ.

ಬೇರೆ ಬೇರೆ ಭಾಷೆಗಳನ್ನು ಒಟ್ಟಿಗೆ ಇಟ್ಟು ನೋಡಿದವರಲ್ಲಿ ಸುಜಾನ್ ಕೆಮರ್ ಒಬ್ಬರು. ಅವರ ಅಧ್ಯಯನ 1993ರಲ್ಲಿ ಬಂತು. ಮಧ್ಯಮ ರೂಪ ಯಾವ ಯಾವ ಕಡೆ ತಲೆ ಹಾಕುತ್ತೆ ಅಂತ ಅದರಲ್ಲಿ ಗುರುತು ಮಾಡಿದ್ದಾರೆ. ಮೈಕೈ ತೊಳೆಯುವುದು, ಕೂರುವುದು ಏಳುವುದು, ತನಗಾಗಿ ಮಾಡುವುದು, ಭಾವನೆಗಳು, ಯೋಚನೆ, ತಾನಾಗಿ ಆಗುವ ಸಂಗತಿಗಳು. ಓದುತ್ತಾ ಹೋದಂತೆ ನನ್ನ ತಲೆಯಲ್ಲಿ ಕನ್ನಡ ತಾನಾಗಿಯೇ ತುಂಬಿಕೊಂಡಿತು. ತಲೆ ಬಾಚಿಕೋ. ಕೂತುಕೋ. ಒರಗಿಕೋ. ಹೆದರಿಕೋಬೇಡ. ಬೇಜಾರು ಮಾಡ್ಕೋಬೇಡ. ನೆನಪಿಸಿಕೋ. ತಿಳಿದುಕೋ. ಬೆಂಕಿ ಹೊತ್ತಿಕೊಂಡಿತು. ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗಿಕೊಳ್ಳುವವರೆಗೆ ಒಂದು ಮಗುವಿಗೆ ಹೇಳುವ ಮಾತೆಲ್ಲ ಇದರಲ್ಲೇ ಇದೆ.

ಇದನ್ನೆಲ್ಲ ಒಂದೇ ಎಳೆಯಲ್ಲಿ ಕಟ್ಟಿ ಹೇಳಿದವರು ಫ್ರಾನ್ಸಿನ ಭಾಷಾವಿಜ್ಞಾನಿ ಎಮಿಲ್ ಬೆನ್ವೆನಿಸ್ಟ್. 1950ರಲ್ಲಿ ಬರೆದ ಒಂದು ಲೇಖನದಲ್ಲಿ ಅವರು ಹೇಳುವುದು ಇಷ್ಟು: ಕರ್ತರಿಯಲ್ಲಿ ಕ್ರಿಯೆ ಕರ್ತೃವಿನಿಂದ ಹೊರಟು ಹೊರಗೆ ನಡೆಯುತ್ತೆ. ಮಧ್ಯಮದಲ್ಲಿ ಕರ್ತೃ ಕ್ರಿಯೆಯ ಒಳಗೇ ಇರುತ್ತಾನೆ, ಅದು ನಡೆಯುವ ಜಾಗವೇ ಅವನು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಸೇರಿದ ಪುರಾತನ ಇಂಡೋ-ಯುರೋಪಿಯನ್ ಭಾಷೆಗಳಲ್ಲಿ ಜೋಡಿ ಇದ್ದದ್ದು ಕರ್ತರಿ ಮತ್ತು ಮಧ್ಯಮ. ಕರ್ಮಣಿ ಬಂದದ್ದು ಆಮೇಲೆ, ಮಧ್ಯಮದಿಂದ. ಈಗಿನ ತುರ್ಕಿಯಲ್ಲಿ ಮಣ್ಣಿನ ಹಲಗೆಗಳ ಮೇಲೆ ಸಿಕ್ಕ ಹಿಟೈಟ್ ಭಾಷೆಯಲ್ಲೂ ಕರ್ತರಿಗೆ ಎದುರಾಗಿ ಇರುವುದು ಒಂದೇ ಒಂದು, ಮಧ್ಯಮ-ಕರ್ಮಣಿ ಎರಡೂ ಸೇರಿದ ರೂಪ.

ಕರ್ತೃ ಕ್ರಿಯೆಯ ಒಳಗಿರುತ್ತಾನೆ ಅನ್ನುವುದನ್ನು ನಾನು ಬಹಳ ಕಾಲ ಬರೀ ತಲೆಯಿಂದ ಒಪ್ಪಿಕೊಂಡಿದ್ದೆ. ಅದು ಕಣ್ಣಿಗೆ ಕಂಡದ್ದು ಊರಿನ ಮನೆಯ ಹೊಸ್ತಿಲಲ್ಲಿ. ಹೊರಡುವಾಗ "ಅಮ್ಮ, ಬಾಗಿಲು ಹಾಕ್ಕೋ" ಅಂದೆ. ಅಂದವಳು ಅಲ್ಲೇ ನಿಂತೆ. ನಾನೇ ಹೊರಗಿನಿಂದ ಎಳೆದು ಹಾಕುವುದಾದರೆ "ಬಾಗಿಲು ಹಾಕ್ತೀನಿ" ಅನ್ನುತ್ತಿದ್ದೆ. ಇಬ್ಬರೂ ಹೊರಗೆ ಹೊರಟಿದ್ದರೆ "ಬಾಗಿಲು ಹಾಕು" ಅನ್ನುತ್ತಿದ್ದೆ. "ಹಾಕ್ಕೋ" ಅಂದದ್ದು ಅವಳು ಒಳಗೆ ಉಳಿಯುತ್ತಾಳೆ ಅಂತ. ಹಾಕುವವಳು ಅವಳೇ, ಆ ಬಾಗಿಲು ಕಾಯುವುದೂ ಅವಳನ್ನೇ. ಬೆನ್ವೆನಿಸ್ಟ್ ಪುಟಗಟ್ಟಲೆ ಹೇಳಿದ್ದನ್ನು ಮಲೆನಾಡಿನ ಒಂದು ಹೊಸ್ತಿಲು ಎರಡು ಪದದಲ್ಲಿ ಹೇಳಿತು. ಮನೆಯಲ್ಲಿ ಯಾರೂ ಇಲ್ಲದೆ ಗಾಳಿಗೆ ಬಾಗಿಲು ಬಡಿದುಕೊಂಡಾಗಲೂ ಅದೇ ಪದ: "ಹಾಕ್ಕೊಂಡುಬಿಡ್ತು". ಒಳಗಿದ್ದು ಹಾಕುವ ಮನುಷ್ಯರಿಗೂ ತಾನಾಗಿ ಬೀಳುವ ಕದಕ್ಕೂ ಒಂದೇ ರೂಪ. ಜೆಫ್ರಿ ಲಿಡ್ಜ್ ಎಂಬ ಅಮೆರಿಕದ ಭಾಷಾವಿಜ್ಞಾನಿ ಕನ್ನಡದ ಈ ಕೊಳ್ಳು ಬಗ್ಗೆ ಬರೆಯುವಾಗಲೂ ಮುಚ್ಚಿಕೊಂಡ ಬಾಗಿಲನ್ನೇ ಉದಾಹರಣೆಗೆ ತೆಗೆದುಕೊಂಡಿದ್ದಾರೆ. ಎಲ್ಲ ಕಡೆಯೂ ಬಾಗಿಲೇ!

ಮಧ್ಯಮ ಹೇಗೆ ಕರ್ಮಣಿಯಾಗುತ್ತೆ ಅನ್ನುವುದೂ ಕನ್ನಡದಲ್ಲಿ ಚೆನ್ನಾಗಿ ಕಾಣುತ್ತೆ. "ಅಪ್ಪನಿಂದ ಬೈಯಲ್ಪಟ್ಟೆ" ಅಂತ ಯಾರೂ ಅನ್ನಲ್ಲ. "ಅಪ್ಪನ ಹತ್ರ ಬೈಸಿಕೊಂಡೆ" ಅನ್ನುತ್ತೇವೆ. ನಾಯಿ ಹತ್ರ ಕಚ್ಚಿಸಿಕೊಂಡ. ಮೇಷ್ಟ್ರ ಹತ್ರ ಹೊಡೆಸಿಕೊಂಡ. ಒಳ್ಳೆಯವನು ಅನ್ನಿಸಿಕೊಂಡ. ಮೊದಲು "ಇಸು" ಸೇರಿ, ಅದರ ಮೇಲೆ ಕೊಳ್ಳು. ಅರ್ಥ ಮಾತ್ರ ಪಕ್ಕಾ ಕರ್ಮಣಿ: ಕಚ್ಚಿದ್ದು ನಾಯಿ, ಕಡಿತ ತಿಂದದ್ದು ಇವನು. ಆದರೆ ಸಣ್ಣದೊಂದು ರುಚಿ ಉಳಿದುಕೊಂಡಿದೆ. "ನಾಯಿ ಕಚ್ಚಿತು" ಅಂದರೆ ಬರೀ ಸುದ್ದಿ. "ನಾಯಿ ಹತ್ರ ಕಚ್ಚಿಸಿಕೊಂಡ" ಅಂದರೆ ಅವನು ಅಲ್ಲಿಗೆ ಯಾಕೆ ಹೋದ ಅನ್ನುವ ಪ್ರಶ್ನೆಯೂ ಜೊತೆಗೆ ಬರುತ್ತೆ. "ಅಲ್ಪಡು"ವಿನಲ್ಲಿ ಈ ಮನುಷ್ಯ ವಾಸನೆ ಇಲ್ಲ. ಕನ್ನಡಕ್ಕೆ ಕರ್ಮಣಿ ಇಲ್ಲ ಅಂತ ಕೊರಗುವವರಿಗೆ ನಾನು "ಬೈಸಿಕೊಂಡೆ" ತೋರಿಸುತ್ತೇನೆ.

ಪಶ್ಚಿಮ ಆಫ್ರಿಕಾದ ಫುಲಾ ಭಾಷೆಯಲ್ಲಿ ಈ ಮೂರಕ್ಕೂ ಬೇರೆ ಬೇರೆ ಬಾಲಗಳೇ ಇವೆ. ಲೋಟುಡೆ ಅಂದರೆ ತೊಳೆಯುವುದು, ಲೋಟಾಡೆ ಅಂದರೆ ತೊಳೆದುಕೊಳ್ಳುವುದು, ಲೋಟೇಡೆ ಅಂದರೆ ತೊಳೆಸಿಕೊಳ್ಳುವುದು. ಎಷ್ಟು ಚೊಕ್ಕ!

ಇಂಗ್ಲಿಷಿನಲ್ಲಿ ಈ ಬಾಲವೇ ಇಲ್ಲ. ಪುಸ್ತಕ ಚೆನ್ನಾಗಿ "ಮಾರುತ್ತೆ", ಅಂಗಿ ಸುಲಭವಾಗಿ "ಒಗೆಯುತ್ತೆ" ಅನ್ನುವ ಹಾಗೆ ಬರೀ ಕರ್ತರಿ ರೂಪವನ್ನೇ ಹಾಕಿ, ಅರ್ಥವನ್ನು ಕೇಳುವವರಿಗೆ ಬಿಡುತ್ತಾರೆ. ಅನುವಾದಕರ ಕೈ ನಡುಗುವುದು ಇಲ್ಲೇ. ಹಿಂದೊಮ್ಮೆ ಒಂದು ಕಾದಂಬರಿಯ ಬೆನ್ನುಡಿಯಲ್ಲಿ, ಪುಸ್ತಕ ಚೆನ್ನಾಗಿ ಓದುತ್ತೆ ಅನ್ನುವ ಅರ್ಥದ ಇಂಗ್ಲಿಷ್ ಸಾಲು ಬಂತು. "ಸುಲಭವಾಗಿ ಓದಬಹುದಾದ ಪುಸ್ತಕ" ಅಂತ ಬರೆದೆ. ಸಪ್ಪೆ. ಎರಡು ದಿನ ಹಾಗೇ ಬಿಟ್ಟೆ. ಮೂರನೇ ದಿನ ಬಸ್ಸಿನಲ್ಲಿ ಹಿಂದೆ ಕೂತವರೊಬ್ಬರು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು: "ದಪ್ಪ ಇದೆ, ಆದ್ರೂ ಓದಿಸಿಕೊಂಡು ಹೋಗುತ್ತೆ ಕಣ್ರೀ."

ಓದಿಸಿಕೊಂಡು ಹೋಗುತ್ತೆ. ಇದನ್ನು ಬಿಡಿಸಿ ನೋಡಿ. ಓದು, ಓದಿಸು, ಓದಿಸಿಕೊಳ್ಳು, ಕೊನೆಗೆ ಹೋಗು. ಪುಸ್ತಕವೇ ಕರ್ತೃ. ಓದುವವರು ವಾಕ್ಯದಲ್ಲಿ ಎಲ್ಲೂ ಇಲ್ಲ, ಆದರೂ ಅವರ ಕೈ ಹಿಡಿದು ಪುಸ್ತಕ ಮುಂದೆ ನಡೆಯುತ್ತಿದೆ. ತನ್ನನ್ನು ತಾನೇ ಓದಿಸಿಕೊಳ್ಳುತ್ತಾ ಹೋಗುತ್ತಿದೆ. ನನಗೆ ಗೊತ್ತಿರುವ ಮಧ್ಯಮ ಪ್ರಯೋಗಗಳಲ್ಲಿ ಇದಕ್ಕಿಂತ ಜೀವಂತವಾದದ್ದು ಇನ್ನೊಂದಿಲ್ಲ. ಇದನ್ನು ಯಾವ ಪಠ್ಯಪುಸ್ತಕವೂ ನನಗೆ ಕಲಿಸಿರಲಿಲ್ಲ.

ಇನ್ನು ಕಳೆದುಕೊಳ್ಳುವುದರ ಮಾತು.

ಕೊಳ್ಳು ಅಂದರೆ ತೆಗೆದುಕೊಳ್ಳುವುದು ಅಂದೆನಲ್ಲ? ಹಾಗಾದರೆ "ಕಳೆದುಕೊಂಡೆ" ಹೇಗೆ? ಕೈಯಿಂದ ಹೋಗಿದ್ದರಲ್ಲಿ ತೆಗೆದುಕೊಂಡದ್ದು ಏನು? ಲಾಭವೊಂದನ್ನೇ ಲೆಕ್ಕ ಹಾಕಿದರೆ ಈ ಪದ ಅರ್ಥವಾಗಲ್ಲ. ಆದದ್ದು ಯಾರ ಮೇಲೆ ಬಂದು ನಿಂತಿತು ಅಂತ ನೋಡಿದರೆ ಅರ್ಥವಾಗುತ್ತೆ. "ಅವನು ಕಾಲು ಮುರಿದ" ಅಂದರೆ ಬೇರೆ ಯಾರದೋ ಕಾಲು. "ಕಾಲು ಮುರಿದುಕೊಂಡ" ಅಂದರೆ ಅವನದೇ. ಬೇಕು ಅಂತ ಮುರಿದುಕೊಂಡದ್ದಲ್ಲ, ಆದರೆ ನೋವು ಅವನ ಪಾಲಿನದು. ಅಪ್ಪ ತೀರಿಕೊಂಡ ವರ್ಷ ಬಂದವರೆಲ್ಲ ಅಮ್ಮನ ಹತ್ತಿರ ಕೂತು "ಕಳ್ಕೊಂಡುಬಿಟ್ರಿ" ಅಂದರು. ತೀರಿಕೊಂಡರು ಅನ್ನುವುದರಲ್ಲೂ ಅದೇ ಕೊಳ್ಳು ಇದೆ, ಕಳೆದುಕೊಂಡರು ಅನ್ನುವುದರಲ್ಲೂ ಇದೆ. ಹೋದವರಿಗೂ ಉಳಿದವರಿಗೂ ಒಂದೇ. ಆ ದಿನಗಳಲ್ಲಿ ಮನೆಯಲ್ಲಿ ಗೀತೆ ಓದಿಸಿದ್ದೆವು. "ನ ಜಾಯತೇ ಮ್ರಿಯತೇ ವಾ" ಅನ್ನುವಲ್ಲಿ ಎರಡೂ ಆತ್ಮನೇಪದ ಅಂತ ನನಗೆ ಆಗಲೇ ಹೊಳೆಯಿತು. ಹುಟ್ಟುವುದು, ಸಾಯುವುದು. ಲ್ಯಾಟಿನ್ನಿನಲ್ಲೂ ಇವೆರಡೂ ಹಾಗೇ, "ನಾಸ್ಕಿತುರ್", "ಮೊರಿತುರ್": ರೂಪ ಕರ್ಮಣಿಯದು, ಅರ್ಥ ಕರ್ತರಿಯದು. ಯಾರು ಮಾಡಿದರು ಅನ್ನುವ ಪ್ರಶ್ನೆ ನಿಲ್ಲದ ಜಾಗಗಳು ಅವು.

ಮಧ್ಯಮ ಪ್ರಯೋಗ ಜವಾಬ್ದಾರಿಯಿಂದ ನುಣುಚಿಕೊಳ್ಳುವ ದಾರಿ ಅಂತ ಕೆಲವರು ಹೇಳುತ್ತಾರೆ. ಸ್ಪ್ಯಾನಿಷ್‌ನಲ್ಲಿ ಲೋಟ ಬಿದ್ದರೆ "ಸೆ ಮೆ ಕಯೋ" ಅನ್ನುತ್ತಾರೆ. ನಮ್ಮ "ಕೈತಪ್ಪಿ ಬಿತ್ತು" ಅನ್ನುವ ಹಾಗೆ. ಮನೋವಿಜ್ಞಾನಿಗಳಾದ ಕೇಟ್ಲಿನ್ ಫಾಸಿ ಮತ್ತು ಲೆರಾ ಬೊರೊಡಿಟ್‌ಸ್ಕಿ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಮಾತಾಡುವವರಿಗೆ ಸಣ್ಣ ಸಣ್ಣ ವಿಡಿಯೊ ತೋರಿಸಿ ಪರೀಕ್ಷೆ ಮಾಡಿದ್ದರು. ಬೇಕೆಂದೇ ಮಾಡಿದ ಕೆಲಸಗಳಲ್ಲಿ ಯಾರು ಮಾಡಿದರು ಅಂತ ಇಬ್ಬರೂ ಒಂದೇ ಥರ ನೆನಪಿಟ್ಟುಕೊಂಡಿದ್ದರು. ಆಕಸ್ಮಿಕವಾದವುಗಳಲ್ಲಿ ಮಾತ್ರ ಸ್ಪ್ಯಾನಿಷ್‌ನವರಿಗೆ ಮಾಡಿದವರ ನೆನಪು ಕಮ್ಮಿ ಇತ್ತು. ಇದರಿಂದ ಜಾಸ್ತಿ ಏನನ್ನೂ ಎಳೆಯಬಾರದು ಅನ್ನಿಸುತ್ತೆ ನನಗೆ. ಬೇಕು ಅಂತ ಮಾಡಿದ್ದನ್ನೂ ಕೈತಪ್ಪಿ ಆದದ್ದನ್ನೂ ಬೇರೆಬೇರೆಯಾಗಿ ನೋಡುವುದು ಮರೆವಲ್ಲ, ನ್ಯಾಯ. ಕನ್ನಡದಲ್ಲಿ "ತಪ್ಪಾಯ್ತು" ಅಂದರೆ ಅದೇ ಕ್ಷಮೆ. ಅದರಲ್ಲಿ "ನಾನು" ಇಲ್ಲ, ಆದರೆ ಕೈ ಮುಗಿದಿರುತ್ತೆ. ನುಣುಚಿಕೊಳ್ಳುವ ಮಾತು ಬೇಕೆಂದರೆ "ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಅನ್ನುವ ಕಚೇರಿಯ ಕಾಗದ ಓದಿ. ಅಲ್ಲಿ ಕೈಯೂ ಇದೆ, ಕೊಳ್ಳುವೂ ಇದೆ, ಆದರೆ ಯಾರ ಕೈ ಅಂತ ಕೇಳಿದರೆ ಉತ್ತರ ಇಲ್ಲ. ಅದಕ್ಕೇ ನನ್ನ ಅನುವಾದಗಳಲ್ಲಿ ಈಗ "ಲಾಗುವುದು", "ಲ್ಪಟ್ಟಿದೆ" ಬಂದ ಕಡೆಯಲ್ಲೆಲ್ಲ ನಿಲ್ಲುತ್ತೇನೆ. ಮಾಡಿದವರು ಯಾರು ಅಂತ ಗೊತ್ತಿದ್ದರೆ ಅವರನ್ನು ಹೇಳುತ್ತೇನೆ. ತಾನಾಗಿ ಆದದ್ದಾದರೆ ಕೊಳ್ಳು ಹಾಕುತ್ತೇನೆ. ನೂರಕ್ಕೆ ತೊಂಬತ್ತು ಸಲ ವಾಕ್ಯ ಸರಿಹೋಗುತ್ತೆ.

ಸ್ಟಾಕ್‌ಹೋಮ್‌ನಿಂದ ಬಂದ ಮೇಲೆ ಊರಿಗೆ ಹೋಗಿದ್ದೆ. ಜುಲೈ ತಿಂಗಳು, ಬಿಡದ ಮಳೆ. ಅಮ್ಮನಿಗೆ ಮೊಮ್ಮಗನ ಅನುವಾದದ ಕತೆ ಹೇಳಿದೆ. "ಮತ್ತೆ ಬಾಗಿಲು ಹಾಕ್ಕೊಳ್ದೆ ಇನ್ನೇನು ಮಾಡುತ್ತೆ?" ಅಂದಳು. ಸಂಜೆ ಬಸ್ಸಿಗೆ ಹೊರಟಾಗ ಅಂಗಳದವರೆಗೆ ಬರುತ್ತೇನೆ ಅಂದವಳನ್ನು ಮಳೆ ಅಂತ ತಡೆದೆ. "ಬಾಗಿಲು ಹಾಕ್ಕೋ" ಅಂದು ಕೊಡೆ ಬಿಚ್ಚಿದೆ. ಗೇಟಿನ ಹತ್ತಿರ ತಿರುಗಿ ನೋಡಿದರೆ ಬಾಗಿಲು ಇನ್ನೂ ಅರ್ಧ ತೆರೆದೇ ಇತ್ತು. ಅವಳು ಅದಕ್ಕೆ ಭುಜ ಕೊಟ್ಟು ತಳ್ಳುತ್ತಿದ್ದಳು. "ಹಿಡ್ಕೊಂಡಿದೆ, ನೀನು ಹೋಗು, ಬಸ್ ತಪ್ಪಿಸ್ಕೋತೀಯ" ಅಂತ ಕೂಗಿದಳು.